ಬೇವಿನ ಮರದ ಆಂಜನೇಯನಿಗೆ ನೂರೆಂಟು ವಡೆ

ಮಹಾಬಲಿಪುರದಲ್ಲಿ, ಸಮುದ್ರಕ್ಕೆ ಹೋಗುವ ದಾರಿಯ ಬೇವಿನ ಮರದ ಕೆಳಗಿರುವ ಆಂಜನೇಯ ಪಲ್ಲವರ ಕಾಲದವನು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಎಂಟು ವರ್ಷದ ಹಿಂದೆ ಅವನನ್ನು ಪೊದೆಯೊಳಗಿಂದ ಕಂಡುಹಿಡಿದವರು ನನ್ನ ಅತ್ತೆ. ಪೀಠದ ಮೇಲೆ ಒಂದು ಸಾಲು ಶಾಸನವಿತ್ತು. ಅದು ಪಲ್ಲವ ಗ್ರಂಥ ಲಿಪಿ ಎಂದು ಮಾವನವರು ಕಣ್ಣು ಕಿರಿದು ಮಾಡಿ ನೋಡಿ ಹೇಳಿದ್ದರು. ಮಾವನವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವರು. ನಾನೂ ಚರಿತ್ರೆಯಲ್ಲೇ ಎಂ.ಎ. ದೇವರನ್ನು ನಂಬದವಳು, ಶಾಸನವನ್ನು ನಂಬಿದ್ದೆ.

ನಮ್ಮ ಸಂಸಾರ ಕಾರು ಹತ್ತಿ ಊರಾಚೆ ಹೊರಟರೆ ಏನಾದರೊಂದು ಆಗಿಯೇ ತೀರುತ್ತದೆ. ಈ ಸಲ ಹೊರಟದ್ದು ಹರಕೆ ತೀರಿಸಲು. ಮಾವನವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಕಣ್ಣು ಸರಿಹೋದರೆ ಬೇವಿನ ಮರದ ಆಂಜನೇಯನಿಗೆ ನೂರೆಂಟು ವಡೆಯ ಮಾಲೆ ಎಂದು ಅತ್ತೆ ಹೇಳಿಕೊಂಡಿದ್ದರು. ಕಣ್ಣು ಸರಿಹೋಯಿತು. ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ್ದು ನಾನೊಬ್ಬಳೇ.

"ಹರಕೆ ಬಾಕಿ ಇಟ್ರೆ ಕೊಟ್ಟ ಕಣ್ಣು ವಾಪಸ್ ತಗೋತಾನೆ" ಎಂದರು ಅತ್ತೆ. ದಿನಾ ಬೆಳಗ್ಗೆ ಕ್ಯಾಲೆಂಡರಿನ ತಾರೀಖು ತೋರಿಸಿ ಮಾವನವರಿಂದ ಓದಿಸುತ್ತಿದ್ದರು.

ಉಪ್ಪು

ಆಂಜನೇಯನ ವಡೆ ಹೋಟೆಲಿನ ಮೆದುವಡೆಯಲ್ಲ. ಈರುಳ್ಳಿ ಇಲ್ಲ, ಮೆಣಸು ಜೀರಿಗೆ ಮಾತ್ರ. ಚಪ್ಪಟೆಯಾಗಿ ತಟ್ಟಿ, ನಡುವೆ ತೂತು ಮಾಡಿ, ನೆಲಕ್ಕೆ ಬಿದ್ದರೆ ಸದ್ದು ಬರುವಷ್ಟು ಕರಿಯಬೇಕು. ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಅತ್ತೆ ಮಡಿಯುಟ್ಟು ಬಾಣಲೆ ಇಟ್ಟರು. ನೈವೇದ್ಯ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನೂರೆಂಟು ಆದ ಮೇಲೆ ನೋಡಿದರೆ ನೂರೇಳಿತ್ತು. ನನ್ನ ಗಂಡನ ಬಾಯಿ ಆಡುತ್ತಿತ್ತು.

"ಏನೋ ಇದು? ದೇವರಿಗಿಂತ ಮುಂಚೆ ನಿನಗಾ?"

"ಉಪ್ಪು ನೋಡಿದೆ ಅಮ್ಮಾ."

"ಅದನ್ನ ಹೇಳಕ್ಕೆ ಆಂಜನೇಯ ಇದಾನೆ. ನೀನು ಯಾರು?"

ಉಪ್ಪೇ ಇರಲಿಲ್ಲ. ಆಂಜನೇಯನೇ ಹೇಳಲಿ ಎಂದು ನನ್ನ ಗಂಡ ಸುಮ್ಮನಾದ.

ಅರ್ಜುನನೋ ಭಗೀರಥನೋ

ಹರಕೆ ಮಧ್ಯಾಹ್ನಕ್ಕೆ, ಅಲ್ಲಿವರೆಗೆ ಮಾವನವರು ಹೊಸ ಕಣ್ಣಿನಿಂದ ಎಲ್ಲ ಕಲ್ಲುಗಳನ್ನೂ ನೋಡಬೇಕೆಂದು ತೀರ್ಮಾನವಾಯಿತು. ಮೈತುಂಬ ಶಿಲ್ಪ ಕೆತ್ತಿದ ದೊಡ್ಡ ಬಂಡೆಯ ಮುಂದೆ ಗೈಡೊಬ್ಬ ಗಂಟುಬಿದ್ದ. ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುವ ಮನುಷ್ಯನನ್ನು ತೋರಿಸಿ, "ಅರ್ಜುನ" ಎಂದ.

"ಭಗೀರಥ" ಎಂದರು ಮಾವನವರು. "ಪಕ್ಕದಲ್ಲಿ ಗಂಗೆ ಇಳೀತಿದಾಳೆ, ಕಾಣಿಸ್ತಿಲ್ವಾ?"

ವಾದ ಹತ್ತು ನಿಮಿಷ ನಡೆಯಿತು. ನನ್ನ ಮಗಳಿಗೆ ಹನ್ನೆರಡು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುತ್ತಾಳೆ. ಅವಳು "ಪಾಟಿ, ಪಸಿಕ್ಕುದು" ಎಂದು ಅಜ್ಜಿಯ ಸೆರಗು ಎಳೆದಳು. ಹಸಿವನ್ನೂ ಅವಳು ತಮಿಳಿನಲ್ಲೇ ಅನುಭವಿಸುತ್ತಾಳೆ.

ಕೊನೆಗೆ ಗೈಡು ಕೈಮುಗಿದ. "ಸಾರ್, ನಿಮಗೆ ಭಗೀರಥ. ಹಿಂದಿನ ಬಸ್ಸಿನವರಿಗೆ ಆಗಲೇ ಅರ್ಜುನ ಅಂದುಬಿಟ್ಟಿದೀನಿ. ಅವರು ಹೋಗೋವರೆಗೆ ಸ್ವಲ್ಪ ಮೆಲ್ಲಗೆ ಮಾತಾಡಿ."

ಬೆಣ್ಣೆಯುಂಡೆ

ಇಳಿಜಾರಿನಲ್ಲಿ ನಿಂತಿರುವ ದುಂಡು ಬಂಡೆಗೆ ಕೃಷ್ಣನ ಬೆಣ್ಣೆಯುಂಡೆ ಎನ್ನುತ್ತಾರೆ. ಆನೆಗಳು ಎಳೆದರೂ ಅಲುಗಲಿಲ್ಲವಂತೆ. ಬಂದವರೆಲ್ಲ ಅದನ್ನು ತಳ್ಳುವ ಹಾಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಗಂಡನೂ ಎರಡು ಕೈ ಕೊಟ್ಟು, ಮುಖ ಕಿವುಚಿ ನಿಂತ. ಅತ್ತೆ ಕಿರುಚಿದರು:

"ಬೇಡ್ವೋ, ಬಿಡೋ! ಕೆಳಗಡೆ ಜನ ಕೂತಿದಾರೆ!"

ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ನೆಲ ಒರೆಸಲು ಫ್ರಿಜ್ ಸರಿಸು ಎಂದರೆ ಸೊಂಟ ಹಿಡಿದುಕೊಳ್ಳುವ ಮನುಷ್ಯ ಇವನೇ.

ಚಪ್ಪಲಿ

ಪಂಚರಥಗಳ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಮರಳು ಕಾದ ಹಂಚಿನಂತಿತ್ತು. ಐದು ರಥಕ್ಕೂ ಪ್ರದಕ್ಷಿಣೆ ಎಂದು ಹೊರಟವರು ಎರಡನೆಯದಕ್ಕೆ ಕುಣಿಯಲು ಶುರುಮಾಡಿದರು. ವಾಚ್‌ಮನ್ ಓಡಿಬಂದ.

"ಚಪ್ಪಲಿ ಹಾಕ್ಕೊಳ್ಳಿ ಅಮ್ಮಾ. ಇಲ್ಲಿ ಪೂಜೆ ಇಲ್ಲ, ಏನೂ ಇಲ್ಲ. ಪೂರ್ತಿ ಕೆತ್ತೇ ಇಲ್ಲ, ಅರ್ಧಕ್ಕೆ ಬಿಟ್ಟು ಹೋಗಿದಾರೆ."

"ಪೂಜೆ ಇಲ್ಲ ಅಂದ್ರೆ ಇಷ್ಟೆಲ್ಲ ಯಾಕೆ ಕೆತ್ತಿದ್ರು?"

ವಾಚ್‌ಮನ್ ಹಿಂದೆ ತಿರುಗಿ ಕೌಂಟರಿನ ಸಾಲನ್ನು ನೋಡಿದ. "ಟಿಕೆಟ್ ಕೊಡಕ್ಕೆ ಏನಾದ್ರೂ ಬೇಕಲ್ಲ ಅಮ್ಮಾ."

ಅತ್ತೆಗೆ ಬೇಸರವಾಯಿತು. "ಅದಕ್ಕೇ ನಮ್ಮ ಆಂಜನೇಯನೇ ಸರಿ" ಎಂದು ಕಾರು ಹತ್ತಿದರು. "ಅವನಿಗೆ ಟಿಕೆಟ್ಟೂ ಇಲ್ಲ, ಅರ್ಧಕ್ಕೆ ಬಿಟ್ಟಿದ್ದೂ ಅಲ್ಲ."

ಶಾಸನ

ಬೇವಿನ ಮರದ ಆಂಜನೇಯ ಎಂಟು ವರ್ಷದ ನಮ್ಮ ಎಣ್ಣೆ, ಕುಂಕುಮದಲ್ಲಿ ಕಪ್ಪಗೆ ಹೊಳೆಯುತ್ತಿದ್ದ. ದಾರಿಯಲ್ಲಿ ಹೋಗುವವರೂ ಹೂವಿಟ್ಟಿದ್ದರು. ರಸ್ತೆಯಾಚೆ ಕಲ್ಲುಕುಟಿಗರ ಶೆಡ್ಡುಗಳಲ್ಲಿ ಉಳಿ ಸದ್ದು ಮಾಡುತ್ತಿತ್ತು. ಪ್ರತಿ ಸಲ ನಾನು ಕಾರಿನಲ್ಲೇ ಕೂತಿರುತ್ತಿದ್ದೆ. ನಂಬದವರಿಗೂ ಒಂದು ಬಿಗುಮಾನವಿರುತ್ತದೆ. ಈ ಸಲ ಮಾಲೆ ಹಿಡಿಯಲು ಕೈ ಸಾಲದೆ ಇಳಿದೆ. ಗಂಡ, ಮಗಳು ವಡೆಯ ಮಾಲೆಗೆ ಕಾಗೆ ಎರಗದಂತೆ ಟವೆಲ್ ಬೀಸುತ್ತಿದ್ದರು.

ಹರಕೆಯ ದೇವರಿಗೆ ಅಭಿಷೇಕ ಆಗಲೇಬೇಕು. ಅತ್ತೆ ಸೀಗೆಪುಡಿ ಹಾಕಿ ತಲೆಯಿಂದ ಪೀಠದವರೆಗೆ ಉಜ್ಜಿದರು. ಜಿಡ್ಡೆಲ್ಲ ಹೋಗಿ ಅಕ್ಷರ ಎದ್ದುಬಂತು.

"ರೀ, ಕಣ್ಣು ಕೊಟ್ಟಿದ್ದೇ ಅವನು. ಈಗ ಅವನ ಮುಂದೇನೇ ಓದಿ. ಏನು ಬರೆದಿದೆ?"

ಮಾವನವರು ಬಗ್ಗಿದರು. ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಹೋದರು, ಮತ್ತೆ ಮೊದಲಿಗೆ ಬಂದರು.

"ಯಾಕ್ರೀ? ಕಾಣಿಸ್ತಿಲ್ವಾ? ಮಂಜಾಯ್ತಾ?" ಅತ್ತೆ ಚೊಂಬು ಕೆಳಗಿಟ್ಟರು. "ಹರಕೆ ತಡ ಆಯ್ತು, ನಾನು ಆವತ್ತೇ ಬಡ್ಕೊಂಡೆ..."

"ಮಂಜೂ ಇಲ್ಲ ಏನೂ ಇಲ್ಲ ಕಣೆ. ಸ್ಪಷ್ಟವಾಗಿ ಕಾಣಿಸ್ತಿದೆ. ಒಂದೊಂದೂ."

"ಮತ್ತೆ ಓದಿ?"

ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರು ಎದ್ದು ನಿಂತು, ಪಂಚೆ ಸರಿಮಾಡಿಕೊಂಡರು.

"ಕೆತ್ತಿದವನ ವಿವರ."

ಅತ್ತೆ ಕಣ್ಣೊರೆಸಿಕೊಂಡು ಕೈಮುಗಿದರು. ಮಾಲೆ ಹಾಕಿ, ನೈವೇದ್ಯ ಮಾಡಿ, ಮೊದಲ ವಡೆಯನ್ನು ಮಾವನವರಿಗೇ ಕೊಟ್ಟರು. ಅವರು ಆಂಜನೇಯನನ್ನೇ ನೋಡುತ್ತಾ ಅಗಿದರು.

"ಉಪ್ಪಿಲ್ಲ" ಎಂದರು.

ಎಲ್ಲರೂ ಕಾರಿನತ್ತ ಹೋದ ಮೇಲೆ ನಾನು ಬಗ್ಗಿ ನೋಡಿದೆ. ಅದು ಹತ್ತು ಅಂಕಿಯ ಮೊಬೈಲ್ ನಂಬರು.