ತೋಳದ ಹೆಸರಿನ ಜೇನುಗಾರ

ಆಲ್ಡಿತ್ ಮೊದಲ ಸಲ ಜೆರ್ವೇಸ್ ಸನ್ಯಾಸಿಯನ್ನು ಕಂಡ ದಿನ ಆತ ನಗುತ್ತಿದ್ದ. ಅವಳ ಸತ್ತ ಗಂಡನ ಹೆಸರು ಕೇಳಿ.

ಜೆರ್ವೇಸ್: ವುಲ್ಫ್‌ಮಾರ್. ಇನ್ನೊಂದು ಸಲ ಹೇಳು ನೋಡೋಣ. ಇದು ಹೆಸರೋ ಕೆಮ್ಮೋ?

ಆಲ್ಡಿತ್: ಹೆಸರೇ ಸ್ವಾಮಿ. ಕೆಮ್ಮು ಆಮೇಲೆ ಬಂತು. ಅದರಲ್ಲೇ ಹೋದರು.

ಥಾರ್ನ್‌ಮಿಯರ್ ಮಠದ ಬರೆಯುವ ಕೋಣೆಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಆದ್ದರಿಂದ ಅವಳು ಮೇಣದ ಬುಟ್ಟಿ ಹಿಡಿದು ಹೊರಗೇ ನಿಂತಿದ್ದಳು. ಗಂಡ ಮೂವತ್ತು ವರ್ಷ ಜೇನು ಸಾಕಿ ಮಠದ ದೀಪಗಳಿಗೆ ಮೇಣ ಒದಗಿಸಿದವನು. ಅವಳ ಬೇಡಿಕೆ ಒಂದೇ: ಬಲಿಪೀಠದ ಮೇಲಿಡುವ ಪುಸ್ತಕದಲ್ಲಿ ಅವನ ಹೆಸರನ್ನು ಬರೆಯಬೇಕು. ಅದರಲ್ಲಿ ಹೆಸರಿದ್ದವರಿಗೆಲ್ಲ ದಿನದಿನದ ಪ್ರಾರ್ಥನೆಯ ಫಲ ಸಲ್ಲುತ್ತದೆ. ಇಲ್ಲದವರು ಪರಲೋಕದ ಬಾಗಿಲಲ್ಲಿ ನಿಂತು ತಾವೇ ಕೂಗಿ ಕರೆಯಬೇಕು ಎಂಬುದು ಊರಿನ ನಂಬಿಕೆ. ವುಲ್ಫ್‌ಮಾರ್ ಬದುಕಿದ್ದಾಗಲೂ ಯಾರ ಬಾಗಿಲಲ್ಲಿಯೂ ಕೂಗಿದವನಲ್ಲ. ಅವಳ ಚಿಂತೆ ಅದೇ.

ಹಿಂದಿನ ಸನ್ಯಾಸಿಗಳಾಗಿದ್ದರೆ ಮರುಮಾತಿಲ್ಲದೆ ಬರೆಯುತ್ತಿದ್ದರು. ಆದರೆ ಪುಸ್ತಕ ಈಗ ಕಡಲಾಚೆಯಿಂದ ಬಂದು ಇಂಗ್ಲಿಷರ ನಾಡನ್ನು ಗೆದ್ದ ನಾರ್ಮನ್ ದೊರೆಗಳ ಬೆನ್ನಿಗೆ ಬಂದ ಜೆರ್ವೇಸನ ವಶದಲ್ಲಿತ್ತು. ಮಠದ ಚರಿತ್ರೆಯನ್ನು ಬರೆಯುವವನೂ ಅವನೇ. ಯಾರ ಹೆಸರು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂಬುದು ಭೂಮಿಯ ಮೇಲೆ ತನಗೊಬ್ಬನಿಗೇ ಗೊತ್ತು ಎಂದು ಅವನ ತಿಳಿವಳಿಕೆ.

ಜೆರ್ವೇಸ್: ವುಲ್ಫ್ ಎಂದರೆ ತೋಳ. ಮಾರ್ ಎಂದರೆ ಹೆಸರುವಾಸಿ. ಹೆಸರುವಾಸಿಯಾದ ತೋಳ. ಕುರಿಮರಿಯೆಂದು ಕರೆಸಿಕೊಂಡ ಪ್ರಭುವಿನ ಪೀಠದ ಮೇಲೆ ತೋಳವನ್ನು ತಂದು ಕೂರಿಸಲೇ?

ಆಲ್ಡಿತ್: ನಮ್ಮವರು ಹೆಬ್ಬಾತು ಬಂದರೆ ಬೇಲಿ ಹಾರಿ ಓಡ್ತಿದ್ದರು ಸ್ವಾಮಿ.

ಜೆರ್ವೇಸ್: ಅದು ಬೇರೆ ಮಾತು. ಹೆಸರು ಕಾಡಿನದು. ರಾಬರ್ಟ್ ಎಂದು ಬರೆಯುತ್ತೇನೆ, ಹೋಗು. ಮರ್ಯಾದಸ್ಥರ ಹೆಸರು.

ಆಲ್ಡಿತ್: ನಮ್ಮೂರಲ್ಲೇ ಹನ್ನೊಂದು ಜನ ರಾಬರ್ಟ್ ಇದ್ದಾರೆ. ಹೋದ ಚಳಿಗಾಲದಲ್ಲಿ ಸತ್ತವನೊಬ್ಬ ಕೋಳಿಕಳ್ಳ. ರಾಬರ್ಟನಿಗೆ ಅಂತ ನೀವು ಪ್ರಾರ್ಥನೆ ಮಾಡಿದರೆ ಮೊದಲು ಕೈಚಾಚೋನು ಅವನೇ. ನಮ್ಮವರು 'ನೀವೇ ತಗೊಳ್ಳಿ' ಅಂತ ಪಕ್ಕಕ್ಕೆ ಸರೀತಾರೆ.

ಜೆರ್ವೇಸ್: ಯಾರಿಗೆಂದು ದೇವರಿಗೆ ಗೊತ್ತಾಗುತ್ತದೆ.

ಆಲ್ಡಿತ್: ದೇವರಿಗೇ ಗೊತ್ತಾಗೋದಾದರೆ ನಿಮಗೆ ಪುಸ್ತಕ ಯಾಕೆ ಸ್ವಾಮಿ?

ಸನ್ಯಾಸಿ ಗರಿಯ ಲೇಖನಿಯನ್ನು ಕೆಳಗಿಟ್ಟ. ಓದು ಬಾರದವರು ಇಂಥ ಪ್ರಶ್ನೆ ಕೇಳಬಾರದೆಂದೂ, ಹೆಸರುಗಳ ಶಾಸ್ತ್ರ ತುಂಬ ಆಳವಾದದ್ದೆಂದೂ ಒಂದಷ್ಟು ಹೊತ್ತು ಹೇಳಿದ. ಆಲ್ಡಿತ್ ವಿನಯದಿಂದ ಕೇಳಿಸಿಕೊಂಡಳು.

ಆಲ್ಡಿತ್: ಜೆರ್ವೇಸ್ ಅಂದರೇನು ಸ್ವಾಮಿ?

ಜೆರ್ವೇಸ್: ಅದು ಸಂತರ ಹೆಸರು. ಅದಕ್ಕೆ ಅರ್ಥ ಕೇಳಬಾರದು.

ಆಲ್ಡಿತ್: ಗೊತ್ತಿಲ್ಲ ಅನ್ನಿ.

ಈ ಮುದುಕಿಗೆ ವಿದ್ಯೆ ಎಂದರೇನೆಂದು ತೋರಿಸಿಯೇ ಬಿಡಬೇಕೆಂದು ಅವನಿಗೆ ಹಟ ಬಂತು. ತಾನು ಬರೆಯುತ್ತಿದ್ದ ಚರಿತ್ರೆಯ ಮೊದಲ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಮಠವನ್ನು ಕಟ್ಟಿಸಿದ ಸೇಬರ್ಗ್ ಎಂಬ ಸಂತ ತಾಯಿಯ ಹುಟ್ಟಿನ ಕಥೆ ಅದರಲ್ಲಿತ್ತು. ಅರ್ಧ ಹಾಳೆಯನ್ನು ಒಬ್ಬ ದೇವದೂತನೇ ಆವರಿಸಿಕೊಂಡಿದ್ದ. ಅವನ ನೀಲಿ ರೆಕ್ಕೆಗೆ ಬಣ್ಣ ತುಂಬಲು ಮೂರು ವಾರ ಹಿಡಿದಿತ್ತು. ಸಂತ ತಾಯಿಯ ಹಬ್ಬಕ್ಕೆ ಬಿಷಪ್ಪರು ಬರುವವರಿದ್ದರು. ಅಂದು ಊರವರೆಲ್ಲರ ಎದುರಿಗೆ ಇದನ್ನು ಅವರ ಭಾಷೆಯಲ್ಲೇ ಓದುವುದೆಂದು ನಿಶ್ಚಯವಾಗಿತ್ತು.

ಅವನು ರಾಗವಾಗಿ ಓದಿದ. ಸೇಬರ್ಟ್ ಎಂಬ ಪುಣ್ಯವಂತನಿದ್ದನು. ಬರ್ಗ್‌ಹಿಲ್ಡ್ ಎಂಬುವಳು ಅವನ ಪತ್ನಿ. ಅವಳು ತುಂಬು ಗರ್ಭಿಣಿಯಾಗಿದ್ದಾಗ ಕನಸಿನಲ್ಲಿ ದೇವದೂತನು ಇಳಿದು ಬಂದು, ಅದುವರೆಗೆ ಯಾವ ಮನುಷ್ಯನೂ ಊಹಿಸದಿದ್ದ 'ಸೇಬರ್ಗ್' ಎಂಬ ಹೆಸರನ್ನು ಅವಳ ಕಿವಿಯಲ್ಲಿ ಮೂರು ಸಲ ಉಸುರಿದನು. ಸೇ ಎಂದರೆ ಕಡಲು. ಬರ್ಗ್ ಎಂದರೆ ಕೋಟೆ. ಸಂಸಾರವೆಂಬ ಕಡಲಿನಲ್ಲಿ ಭಕ್ತರಿಗೆ ಆಶ್ರಯವಾದ ಕೋಟೆ.

ಆಲ್ಡಿತ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಬೆರಳು ಮಡಚತೊಡಗಿದಳು.

ಆಲ್ಡಿತ್: ಅಪ್ಪ ಸೇಬರ್ಟ್. ಅಮ್ಮ ಬರ್ಗ್‌ಹಿಲ್ಡ್. ಮಗಳು ಸೇಬರ್ಗ್. ಇಷ್ಟಕ್ಕೆ ದೇವದೂತ ಅಷ್ಟು ದೂರದಿಂದ ಬರಬೇಕಿತ್ತಾ ಸ್ವಾಮಿ?

ಜೆರ್ವೇಸ್: ಏನೆಂದೆ?

ಆಲ್ಡಿತ್: ಅಪ್ಪನ ಹೆಸರಿಂದ ಒಂದು ತುಂಡು, ಅಮ್ಮನ ಹೆಸರಿಂದ ಒಂದು ತುಂಡು. ನಮ್ಮ ಕಡೆ ಹಿಂದಿನಿಂದಲೂ ಹೀಗೇ ಇಡೋದು. ನಮ್ಮ ಮಾವ ವುಲ್ಫ್‌ರಿಕ್, ಅತ್ತೆ ಮಾರ್ವಿನ್. ಮಗ ವುಲ್ಫ್‌ಮಾರ್. ಯಾರ ಕಡೆಯವರೂ ಮುನಿಸಿಕೊಳ್ಳಬಾರದು ಅಂತ. ತೋಳವನ್ನು ಯಾರೂ ಕರೆದಿರಲಿಲ್ಲ.

ಸನ್ಯಾಸಿ ಹಾಳೆಯನ್ನು ನೋಡಿದ. ತಾನೇ ಮುದ್ದಾದ ಅಕ್ಷರದಲ್ಲಿ ಬರೆದ ತಂದೆಯೂ ತಾಯಿಯೂ ಒಂದೇ ಸಾಲಿನಲ್ಲಿ ಕೂತಿದ್ದರು. ಹಬ್ಬದ ದಿನ ಊರಿನ ಇನ್ನೂರು ಜನ ಇದನ್ನು ಕೇಳಿ ಬೆರಳು ಮಡಚುವ ದೃಶ್ಯ ಅವನ ಕಣ್ಣಿಗೆ ಕಟ್ಟಿತು. ದೇವದೂತನು ಊರಿನ ಪದ್ಧತಿಯನ್ನು ಗೌರವಿಸಿರಬಹುದು ಎಂದು ಒಂದು ದಾರಿ ತೆಗೆದ. ಹಾಗಾದರೆ ಅವನು ನಮ್ಮವನೇ, ಇಂಗ್ಲಿಷರವನೇ ಇರಬೇಕು ಎಂದಳು ಆಲ್ಡಿತ್. ಅದಂತೂ ಅವನಿಗೆ ಒಂದಿಷ್ಟೂ ರುಚಿಸಲಿಲ್ಲ.

ಆಲ್ಡಿತ್: ಎರಡು ತುಂಡಿನ ಹೆಸರು ಸಂತ ತಾಯಿಗೆ ಆಗುತ್ತೆ ಅಂದಮೇಲೆ ನನ್ನ ಗಂಡನಿಗೂ ಆಗುತ್ತೆ. ಬರೀರಿ. ಹಬ್ಬದ ದಿನ ನಾನು ಬಾಯಿ ಬಿಡೋದಿಲ್ಲ.

ಜೆರ್ವೇಸ್ ಮುಖ ಗಂಟಿಕ್ಕಿಕೊಂಡು ಪುಸ್ತಕವನ್ನು ಹೊಸ್ತಿಲ ಬಳಿಗೆ ತಂದು ತೆರೆದ. ನಾಲ್ಕು ಗೀಟು ಎಳೆದ. ಆಯಿತು ಎಂದು ಮುಚ್ಚಹೊರಟ. ಅವಳು ಅಲ್ಲಿಂದ ಕದಲಲಿಲ್ಲ. ಬುಟ್ಟಿಯಿಂದ ಅಂಗೈಯಗಲದ ಮೇಣದ ಬಿಲ್ಲೆಯೊಂದನ್ನು ತೆಗೆದು ಹೊಸ್ತಿಲಿನ ಮೇಲಿಟ್ಟಳು. ಅದರ ಮೇಲೆ ಮಾವನ ಹೆಸರನ್ನೂ ಅತ್ತೆಯ ಹೆಸರನ್ನೂ ಗೀಚಿ ಕೊಡಿ, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು. ಇದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ಗೀಚಿ ಕೊಟ್ಟ. ಅವಳು ಬಿಲ್ಲೆಯನ್ನು ಪುಸ್ತಕದ ಪಕ್ಕಕ್ಕೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿದಳು.

ಆಲ್ಡಿತ್: ಮಗ ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ.

ಜೆರ್ವೇಸ್: ನಿನಗೆ ಓದು ಬರುವುದಿಲ್ಲ.

ಆಲ್ಡಿತ್: ಇಲ್ಲ ಸ್ವಾಮಿ. ಕಣ್ಣು ಕಾಣುತ್ತೆ. ಅಪ್ಪನ ಮೊದಲ ತುಂಡು ಇಲ್ಲಿ ಇರಬೇಕು. ಅಮ್ಮನದು ಅದರ ಪಕ್ಕ. ಎರಡೂ ಇಲ್ಲ. ಯಾರಿದು?

ಉತ್ತರ ಇಬ್ಬರಿಗೂ ಗೊತ್ತಿತ್ತು. ಸನ್ಯಾಸಿ ಸಣ್ಣ ಚೂರಿಯನ್ನು ತೆಗೆದುಕೊಂಡು, ಇನ್ನೂ ಆರದಿದ್ದ ರಾಬರ್ಟನನ್ನು ಚರ್ಮದ ಹಾಳೆಯಿಂದ ಕೆರೆದು ತೆಗೆದ. ಅದೇ ಜಾಗದಲ್ಲಿ ಹಲ್ಲು ಕಚ್ಚಿಕೊಂಡು ಬರೆದ. ಅವಳು ಬಿಲ್ಲೆ ಹಿಡಿದು ನೋಡಿದಳು. ಅಪ್ಪನ ತುಂಡು ಬಂದಿತ್ತು, ಅಮ್ಮನ ತುಂಡೂ ಬಂದಿತ್ತು. ಮೇಣದ ಬುಟ್ಟಿಯನ್ನು ಅಲ್ಲೇ ಇಳಿಸಿ, ಕಣ್ಣು ಒರಸಿಕೊಂಡು ಮನೆಗೆ ಹೋದಳು.

ಹಬ್ಬದ ದಿನ ಅವಳು ಮಾತು ಉಳಿಸಿಕೊಂಡಳು. ಜೆರ್ವೇಸನೂ ಜಾಣತನ ತೋರಿದ್ದ. ದೇವದೂತನನ್ನು ಅಳಿಸಲು ಮನಸ್ಸು ಬಾರದೆ, ಸಂತ ತಾಯಿಯ ತಂದೆತಾಯಿಗಳನ್ನೇ ಕೆರೆದು ಹಾಕಿದ್ದ. ಹಾಗಾದರೆ ದೇವದೂತ ಯಾರ ಕಿವಿಯಲ್ಲಿ ಹೇಳಿದ ಎಂದು ಬಿಷಪ್ಪರು ಕೇಳಿದರಂತೆ. ಅದಕ್ಕೆ ಇನ್ನೂ ಉತ್ತರ ಹೋಗಿಲ್ಲ.

ಉತ್ತರ ಕಳಿಸುವುದಕ್ಕೆ ಅವನಿಗೆ ಬಿಡುವೂ ಇಲ್ಲ. ಮೇಣದ ಬಿಲ್ಲೆಯ ಸುದ್ದಿ ಬಾವಿಕಟ್ಟೆಯಲ್ಲಿ ಹರಡಿದ ಮೇಲೆ, ಪುಸ್ತಕ ಜೆರ್ವೇಸನ ವಶವಾದ ಈ ಆರು ವರ್ಷಗಳಲ್ಲಿ ಗಂಡನನ್ನೋ ತಂದೆಯನ್ನೋ ಪುಸ್ತಕಕ್ಕೆ ಸೇರಿಸಿದವರೆಲ್ಲ ಅತ್ತೆಮಾವಂದಿರ, ಅಜ್ಜಅಜ್ಜಿಯರ ಹೆಸರು ಹೇಳಿಕೊಂಡು ಬರತೊಡಗಿದರು. ಒಂದೊಂದು ಪುಟದಲ್ಲಿಯೂ ರಾಬರ್ಟರ ಹಿಂಡೇ ಸಿಕ್ಕಿತು. ಮಠದ ಹಿರಿಯರು ಎಲ್ಲವನ್ನೂ ಸರಿಪಡಿಸುವಂತೆ ಅಪ್ಪಣೆ ಮಾಡಿದ್ದಾರೆ. ಹೀಗಾಗಿ ಜೆರ್ವೇಸ್ ಈಗ ಚರಿತ್ರೆಯನ್ನು ಬದಿಗಿಟ್ಟು ಬೆಳಗಿನಿಂದ ಸಂಜೆಯವರೆಗೆ ಚೂರಿ ಹಿಡಿದು ಕೆರೆಯುತ್ತಾನೆ. ಆಲ್ಡಿತ್ ಮೇಣದ ಬಿಲ್ಲೆಗಳ ಬುಟ್ಟಿಯೊಂದಿಗೆ ಹೊಸ್ತಿಲಿನಾಚೆ ಕೂತು, ಅವನ ಕೈ ಸ್ವಲ್ಪ ಚುರುಕಾದರೂ ಎಚ್ಚರಿಸುತ್ತಾಳೆ.

ಆಲ್ಡಿತ್: ಮೆಲ್ಲಗೆ ಸ್ವಾಮಿ. ಅದರಲ್ಲಿ ಯಾರಾದರೂ ಒಬ್ಬ ನಿಜವಾದ ರಾಬರ್ಟ್ ಇದ್ದಾನು.