ದೇವರ ಮೇಲೊಂದು ಬ್ಯಾಟರಿ

ಚಿಕ್ಕು ಗಿಡವೋ, ನುಗ್ಗೆ ಗಿಡವೋ, ಈಗ ಹೇಳಲಾರೆ. ನೆನಪಿನಲ್ಲಿ ಸಿ.ಡಿ. ಮಾತ್ರ ಫಳಫಳ ಹೊಳೆಯುತ್ತದೆ; ಅದು ನೇತಾಡುತ್ತಿದ್ದ ಗಿಡವನ್ನು ಆಮೇಲೆ ನಾನೇ ನೆಟ್ಟಿರಬೇಕು.

ಇಷ್ಟಂತೂ ಖಚಿತ. ಗೋವೆಯ ಪರ್ವರಿಯಲ್ಲಿ ನಮ್ಮ ಪಕ್ಕದ ಮನೆಯ ಟೈಲ್ಸ್ ಮೇಸ್ತ್ರಿ ಮಲ್ಲಪ್ಪನ ಮಗಳ ಮದುವೆ ಊರಲ್ಲಿ. ಲಗ್ನಪತ್ರಿಕೆ ಕನ್ನಡದಲ್ಲೇ ಆಗಬೇಕು, ಪತ್ರಿಕೆಗಳ ಕಟ್ಟು ಅಂದೇ ಸಂಜೆಯ ವಿಜಯಪುರ ಬಸ್ಸಿಗೆ ಹೋಗಬೇಕು. ಮೊಬೈಲಿನಲ್ಲಿ ಟೈಪು ಮಾಡಿಕೊಟ್ಟವನು ನಾನು. ಇದು ಯುನಿಕೋಡ್, ಜಗತ್ತಿನ ಯಾವ ಕಂಪ್ಯೂಟರಿಗೆ ಹಾಕಿದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ ಎಂದು ಭರವಸೆಯನ್ನೂ ಕೊಟ್ಟಿದ್ದೆ.

ಪ್ರೆಸ್ಸಿನ ಮಾಲೀಕ ಗೋವೆಯವನು, ಕನ್ನಡ ಬಾರದು. ಅವನ ಮುದ್ರಣಯಂತ್ರ ಒಂದು ಮುದಿ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತಿತ್ತು. ಅದರಲ್ಲಿ ಹಳೇ ವಿಂಡೋಸ್. ತೆರೆದರೆ ಸಾಲುಸಾಲು ಖಾಲಿ ಚೌಕ!

ಮಲ್ಲಪ್ಪ ಬಗ್ಗಿ ನೋಡಿದ. "ಚಲೋ ಕೂತಾವ್ರಿ ಸರ. ಆದ್ರ ನನ್ನ ಮಗಳ ಹೆಸರ ಯಾವ ಟೈಲ್ಸ್ ಅಡಿ ಐತ್ರಿ?"

ನಾನು ಫಾಂಟ್ ತಂದು ಹಾಕಿದೆ. ಚೌಕಗಳು ಅಕ್ಷರಗಳಾದವು. ಒತ್ತುಗಳು ಮಾತ್ರ ಕೆಳಗಿಳಿಯದೆ ಪಕ್ಕದಲ್ಲೇ ನಿಂತವು. ಕೊಂಬು, ದೀರ್ಘಗಳು ಬೇರೆ ಸಂಸಾರ ಹೂಡಿದವು. ಅಕ್ಷರ ಕೂಡಿಸುವ ವಿದ್ಯೆಯನ್ನೇ ಯಂತ್ರಕ್ಕೆ ಕಲಿಸಬೇಕೆಂದು ಗಂಭೀರವಾಗಿ ಘೋಷಿಸಿ ಸೆಟ್ಟಿಂಗಿನೊಳಗೆ ಇಳಿದೆ. ಅದು ಮೂಲ ಸಿ.ಡಿ. ಕೇಳಿತು. ಮಾಲೀಕ ಹಿತ್ತಲಿಗೆ ಹೋದ. ಸಿ.ಡಿ. ಕಾಗೆ ಓಡಿಸಲು ಗಿಡದಲ್ಲಿ ನೇತಾಡುತ್ತಿತ್ತು! ಒರೆಸಿ ಹಾಕಿದೆವು. ಕಂಪ್ಯೂಟರು ಒಮ್ಮೆ ನರಳಿ ಹೊರಗುಗುಳಿತು. ಅದರಲ್ಲಿದ್ದದ್ದನ್ನೆಲ್ಲ ಕಾಗೆಗಳು ಓದಿ ಮುಗಿಸಿದ್ದವು.

ಅಷ್ಟರಲ್ಲಿ ಹೆಂಡತಿಯ ಫೋನು. ಎಲ್ಲ ಕೇಳಿಸಿಕೊಂಡು ಅಂದಳು: "ನಿಮ್ಮ ಮೊಬೈಲ್‌ನಾಗ ಸರಿ ಕಾಣ್ತೈತಿಲ್ಲೋ? ಅದರದs ಸ್ಕ್ರೀನ್‌ಶಾಟ್ ಹೊಡದ ಕೊಡ್ರಿ. ಚಿತ್ರಕ್ಕ ಯಾಕ ಭಾಷಾ?"

ಕೊಟ್ಟೆ, ನನ್ನದೇ ಯೋಚನೆಯೆಂಬಂತೆ. ಪತ್ರಿಕೆ ಅಚ್ಚಾಯಿತು, ಬಸ್ಸು ಹತ್ತಿತು. ಉಳಿದ ಒಂದನ್ನು ಮನೆಯಲ್ಲಿ ನೋಡಿದ ಹೆಂಡತಿ, ದೇವರ ಮೇಲೆ ಇದೇನು ಎಂದು ಕೇಳಿದಳು. 'ಶ್ರೀ ವೀರಭದ್ರೇಶ್ವರ ಪ್ರಸನ್ನ'ದ ನೆತ್ತಿಯ ಮೇಲೆ ಮೊಬೈಲಿನ ಗಡಿಯಾರ, 4:10. ಪಕ್ಕದಲ್ಲಿ ಮುಗಿಯುತ್ತ ಬಂದ ಬ್ಯಾಟರಿ. ಬಸ್ಸು ಆಗಲೇ ಘಟ್ಟ ಹತ್ತಿತ್ತು.

ಮದುವೆಯ ದಿನ ಅಕ್ಷತೆ ಬೆಳಗಿನ ಹನ್ನೊಂದಕ್ಕೆ, ಪತ್ರಿಕೆಯ ಕೆಳಗೆ ಹಾಗೆಂದೇ ಅಚ್ಚಾಗಿತ್ತು. ಸೋದರಮಾವ ಕೈಹಿಡಿದು ಕರೆತರದೆ ನಮ್ಮ ಕಡೆ ಮದುಮಗಳು ಮಂಟಪಕ್ಕೆ ಬರುವುದಿಲ್ಲ. ಮಾವನೇ ಇಲ್ಲ, ಅವನ ಫೋನೂ ಹತ್ತುತ್ತಿಲ್ಲ. ಹುಡುಗಿ ಬಾಸಿಂಗ ಕಟ್ಟಿಕೊಂಡು ಒಳಗೆ ಕೂತೇ ಇದ್ದಳು. ಬೀಗರು ಗಡಿಯಾರ ನೋಡುತ್ತಿದ್ದರು, ನಾನು ನೆಲ. ನಾಲ್ಕರ ಹೊತ್ತಿಗೆ ಮಾವ ಪತ್ರಿಕೆ ಹಿಡಿದೇ ಬಂದ. "ನಾಕೂ ಹತ್ತು ಅಂತ ದೇವರ ಮ್ಯಾಲ ಬರದೈತಿ. ಹತ್ತ ನಿಮಿಷ ಮೊದಲs ಬಂದೇನಲ್ಲ!"

ಗೋಧೂಳಿಯಲ್ಲಿ ಅಕ್ಷತೆ ಬಿತ್ತು. ಮಲ್ಲಪ್ಪ ಈಗಲೂ ನನ್ನನ್ನು ಸರ ಎನ್ನುತ್ತಾನೆ. ಕಿರಿಮಗಳ ಪತ್ರಿಕೆಯನ್ನು ಮಾತ್ರ ವಿಜಯಪುರದಲ್ಲೇ ಮಾಡಿಸಿದ.

ಆ ಮಾವ ಮಧ್ಯಾಹ್ನದವರೆಗೆ ಮಲಗೇ ಇದ್ದ ಎಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳಂತೆ. ಪತ್ರಿಕೆ ಓದಿ ತಡಮಾಡಿದನೋ, ತಡವಾದ ಮೇಲೆ ಪತ್ರಿಕೆ ಓದಿದನೋ, ನನಗೆ ಗೊತ್ತಿಲ್ಲ.