ಪಕ್ಕದ ಮನೆಯವರ ಕೋಲುಪರೀಕ್ಷೆ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಕೂಗಿ ಹೇಳೋ ವಿಷಯ ಅಲ್ಲ. ನಡುವೆ ಇರೋದು ಒಂದು ಕಾಂಪೌಂಡು ಗೋಡೆ, ಅದರಾಚೆಗೆ ಪಕ್ಕದ ಮನೆಯವಳ ಅಡುಗೆಮನೆ ಕಿಟಕಿ. ಕೇಳಿದ ಮೇಲೆ ನಿಮ್ಮ ಹೊಟ್ಟೆಯಲ್ಲೇ ಇಟ್ಕೋಬೇಕು, ಆಣೆ ಮಾಡಿ. ನಾನೂ ಹಾಗೇ ಇಟ್ಕೊಂಡಿದ್ದೀನಿ. ಹಾಲಿನವನಿಗೆ, ಹೂವಿನವಳಿಗೆ, ಮಹಡಿ ಮನೆ ಬಾಡಿಗೆಯವರಿಗೆ ಬಿಟ್ಟರೆ ಇನ್ನೊಬ್ಬರಿಗೆ ಹೇಳಿಲ್ಲ.

ನಮ್ಮ ಚಾಮರಾಜಪೇಟೆ ಬೀದಿಯಲ್ಲಿ ಟೀವಿ ಹಾಕೋ ಅಗತ್ಯವೇ ಇಲ್ಲ. ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತರೆ ಸಾಕು, ಏನಾದರೂ ಒಂದು ಆಗ್ತಾನೇ ಇರತ್ತೆ. ಪಕ್ಕದ ಮನೆ ಯಜಮಾನರನ್ನೇ ತಗೊಳ್ಳಿ. ಸರ್ಕಾರದಲ್ಲಿ ರಸ್ತೆ ಹಾಕಿಸೋ ಎಂಜಿನಿಯರಾಗಿದ್ದವರು. ರಿಟೈರಾದ ಮೇಲೆ ಸುಮ್ಮನೆ ಕೂರೋಕಾಗದೆ ಗಾಲ್ಫ್ ಕಲಿತರು. ಆ ಆಟದಲ್ಲಿ ದೂರ ಹೊಡೆಯೋಕೆ ಬೇರೆ ಕೋಲು, ಕೊನೆಗೆ ಚೆಂಡನ್ನ ಮೆಲ್ಲಗೆ ಗುಳಿಗೆ ತಳ್ಳೋಕೆ ಬೇರೆ ಕೋಲು. ಈ ತಳ್ಳೋ ಕೋಲಿಗೆ ಪಟರ್ ಅಂತಾರಂತೆ. ಜೊತೆಗೆ ಆಡೋ ಸ್ನೇಹಿತರೊಬ್ಬರ ಆಟದ ಸಾಮಾನಿನ ಅಂಗಡಿ ಇದೆ. ಅವರು "ಆಡಿ ನೋಡಿ, ಹೇಗಿದೆ ಹೇಳಿ, ಹಿಡಿಸಿದ್ದನ್ನ ಇಟ್ಕೊಳ್ಳಿ" ಅಂತ ಹೊಸ ಹೊಸ ಪಟರ್‌ಗಳನ್ನ ಕಟ್ಟುಗಟ್ಟಲೆ ಕೊಟ್ಟು ಕಳಿಸ್ತಾರೆ. ಒಂದರ ಮೂತಿ ದೋಸೆ ಸಟ್ಟುಗದ ಹಾಗೆ, ಒಂದರದು ಇಸ್ತ್ರಿಪೆಟ್ಟಿಗೆ ಹಾಗೆ, ಇನ್ನೊಂದಕ್ಕೆ ಹಿಂದೆ ಎರಡು ಕೊಂಬು ಬೇರೆ.

ಈ ದಂಪತಿಗೆ ಒಬ್ಬಳೇ ಮಗಳು. ಚಿನ್ನದಂಥ ಹುಡುಗಿ, ಮೂವತ್ತು ದಾಟಿದೆ. ಬಂದ ಸಂಬಂಧಗಳೆಲ್ಲ ಏನೋ ಒಂದು ನೆಪಕ್ಕೆ ತಪ್ಪಿಹೋದವು. ಈಗ ವಿಶ್ವೇಶ್ವರಪುರಂನಿಂದ ಒಳ್ಳೆ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಾಗಿತ್ತು, ಹಿರಿಯರು ಬಂದು ನೋಡೋದೊಂದೇ ಬಾಕಿ. ಇದೂ ತಪ್ಪಿದರೆ ತಾಯಿ ಹಾಸಿಗೆ ಹಿಡೀತಾಳೆ ಅಂತ ಬೀದಿಗೆಲ್ಲ ಗೊತ್ತು. ಅಂಥಾ ಹೊತ್ತಿನಲ್ಲಿ ಅಪ್ಪನಿಗೆ ಕೋಲಿನ ಹುಚ್ಚು.

ನೋಟ

ಒಂದು ದಿನ ಸಂಡಿಗೆ ಒಣಗಿಸೋಕೆ ತಾರಸಿಗೆ ಹೋಗಿದ್ದೆ. ಪಕ್ಕದ ತಾರಸಿ ಮೇಲೆ ಈ ಯಜಮಾನರು ಮಂಡಿ ಮಡಚಿ, ಸೊಂಟ ಹಿಂದಕ್ಕೆ ಹಾಕಿ, ಒಂದು ಕಣ್ಣು ಮುಚ್ಚಿ, ಕೈಯಲ್ಲಿ ಕೋಲು ಹಿಡಿದು ನೆಲ ನೋಡ್ತಾ ನಿಂತಿದ್ದಾರೆ. ಅಲುಗಾಟ ಇಲ್ಲ.

"ಏನ್ ಸ್ವಾಮಿ, ಏನಾದ್ರೂ ಬಿದ್ದೋಯ್ತಾ?" ಅಂದೆ. ಒಂದು ಸಾಲು ಸಂಡಿಗೆ ಇಟ್ಟು ಮತ್ತೆ ನೋಡಿದೆ. ಹಾಗೇ ನಿಂತಿದ್ದಾರೆ! ಗೋಡೆ ಮೇಲಿಂದ ಬಗ್ಗಿ, "ಬೇಗ ಬಾರೇ! ನಿಮ್ಮೆಜಮಾನ್ರಿಗೆ ಲಕ್ವ ಹೊಡೆದಿದೆ, ಅರ್ಧ ಬಗ್ಗಿದೋರು ಹಾಗೇ ನಿಂತುಬಿಟ್ಟವ್ರೆ!" ಅಂತ ಕೂಗಿದೆ.

ಅವಳು ಪಾಪ, ಚೊಂಬು ತುಂಬಾ ನೀರು ಹಿಡ್ಕೊಂಡು ಓಡಿಬಂದು ಮುಖಕ್ಕೆ ಎರಚಿದಳು.

"ಥೂ! ಏನೇ ಇದು? ನೋಟ ನೋಡ್ತಿದ್ದೆ ಕಣೇ. ಕೋಲು ಹಿಡಿದು ಮೇಲಿಂದ ನೋಡಿದ್ರೆ ಕಣ್ಣಿಗೆ ಹಿತವಾಗಿರಬೇಕು. ಆಗಲೇ ಮನಸ್ಸು ನಿಲ್ಲೋದು!"

ಅವಳು ಸೆರಗಿನಲ್ಲಿ ಗಂಡನ ಮುಖ ಒರೆಸ್ತಾ ಹೇಳಿದಳು: "ನನ್ನ ನೋಡೋಕೆ ಬಂದಾಗ ಬರೀ ಉಪ್ಪಿಟ್ಟು ನೋಡ್ಕೊಂಡು ಹೋದ್ರಿ. ಈ ಕೋಲಿಗೆ ಇಷ್ಟು ಹೊತ್ತು ಬೇಕಾಯ್ತಾ?"

ಕೈಗೆ ಕೂರೋದು

ನೋಟ ಆದ ಮೇಲೆ ಹಿಡಿತದ ಪರೀಕ್ಷೆ. ಚೆಂಡಿಗೆ ಕೋಲು ತಾಗಿಸಿ, ಕಣ್ಣು ಮುಚ್ಚಿ ಕಿವಿ ಕೊಡೋರು. ನಾವು ಗಾಂಧಿಬಜಾರಲ್ಲಿ ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ, ಹಾಗೆ.

"ಟಕ್ ಅಂದ್ರೆ ಕೈ ಜುಮ್ಮನ್ನತ್ತೆ. ಠಣ್ ಅಂದ್ರೆ ಇನ್ನೂ ಕಷ್ಟ. ತುಪ್ ಅನ್ನಬೇಕಮ್ಮಾ, ತುಪ್!" ಅಂತ ನನಗೆ ಗೋಡೆ ಮೇಲಿಂದ ಪಾಠ ಹೇಳಿದರು. ಆ ಕೊಂಬಿನ ಕೋಲು ತುಪ್ ಅಂತಂತೆ. ಅಂಗೈಯಲ್ಲಿ ಮಗು ಬೆರಳು ಇಟ್ಟ ಹಾಗಿದೆ ಅಂದರು. ಅವರ ಹೆಂಡತಿ ಕೈ ಬಗ್ಗೆ ಇಂಥಾ ಒಂದು ಮಾತನ್ನ ಈ ಗೋಡೆ ಯಾವತ್ತೂ ಕೇಳಿಲ್ಲ.

ಮಾರನೇ ಬೆಳಿಗ್ಗೆ ಆ ಕೋಲು ನಾಪತ್ತೆ. ಮಂಚದ ಕೆಳಗೆ, ಬೀರು ಹಿಂದೆ, ಎಲ್ಲ ಕಡೆ ಹುಡುಕಾಟ. ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದರೆ, ನಮ್ಮ ಸಂಪಿಗೆ ಮರದ ಕೊಂಬೆ ತನ್ನಷ್ಟಕ್ಕೆ ತಾನೇ ಗೋಡೆಯಾಚೆಗೆ ಹೋಗ್ತಾ ಇದೆ! ಎಗರಿ ನೋಡಿದೆ. ಆಚೆ ಕಡೆ ಯಜಮಾನರ ಹೆಂಡತಿ ಸ್ಟೂಲು ಹತ್ತಿ, ಪಟರ್‌ನ ಎರಡು ಕೊಂಬಿನ ಮಧ್ಯೆ ನಮ್ಮ ಕೊಂಬೆ ಸಿಕ್ಕಿಸಿಕೊಂಡು ಎಳೀತಿದ್ದಾಳೆ.

"ಪೂಜೆಗೆ ನಾಲ್ಕೇ ನಾಲ್ಕು ಹೂವಮ್ಮ," ಅಂತ ಹಲ್ಲು ಕಿರಿದಳು.

ಅಷ್ಟರಲ್ಲಿ ಯಜಮಾನರು ಓಡಿಬಂದರು. "ಅಯ್ಯಯ್ಯೋ, ಅದರ ಮೈಗೆ ಗೀರು ಬಿದ್ದರೆ ಅಂಗಡಿಯವರಿಗೆ ಏನು ಹೇಳ್ಲಿ?"

"ಹೇಗಿದೆ ಹೇಳಿ ಅಂತ ತಾನೇ ಕೊಟ್ಟಿರೋದು? ಹೇಳಿ," ಅಂದಳು ಸ್ಟೂಲಿನ ಮೇಲಿಂದಲೇ. "ಸಂಪಿಗೆಗೆ ಬಲು ಚೆನ್ನಾಗಿದೆ, ನುಗ್ಗೆಕಾಯಿಗೆ ಮಾತ್ರ ಉದ್ದ ಸಾಲದು."

ಗೆರೆ ನೇರ

ಮೂರನೇ ಪರೀಕ್ಷೆ ಎಲ್ಲಕ್ಕಿಂತ ಕಷ್ಟದ್ದು. ಪಟರ್‌ನ ತಲೆ ಮೇಲೆ ಒಂದು ಬಿಳಿ ಗೆರೆ ಇರತ್ತೆ. ಆ ಗೆರೆ ಗುರಿಗೆ ನೇರ ನಿಂತರೆ ಚೆಂಡೂ ನೇರ ಹೋಗಬೇಕು. ಬಿಸಿಲು ಅಂತ ಈ ಆಟ ಹಜಾರಕ್ಕೆ ಇಳೀತು. ಹಳೇ ಕಾಲದ ಕೆಂಪು ಗಾರೆ ನೆಲ. ಆ ಕೊನೆಯಲ್ಲಿ ಸ್ಟೀಲ್ ಲೋಟ ಮಲಗಿಸಿ, ಈ ಕೊನೆಯಿಂದ ಚೆಂಡು ತಳ್ಳೋರು. ಚೆಂಡು ಅರ್ಧ ದಾರಿ ನೆಟ್ಟಗೆ ಹೋಗಿ, ಆಮೇಲೆ ಎಡಕ್ಕೆ ತಿರುಗಿ, ದೇವರಮನೆ ಹೊಸ್ತಿಲು ಸವರಿಕೊಂಡು ಹೋಗಿ ಬಚ್ಚಲಿನ ತೂಬಿಗೆ ಬೀಳೋದು.

"ಇದರ ಗೆರೆ ಸರಿ ಇಲ್ಲ," ಅಂತ ಸಟ್ಟುಗದ ಕೋಲು ಪಕ್ಕಕ್ಕೆ. "ಇದರದೂ ಸೊಟ್ಟ," ಅಂತ ಇಸ್ತ್ರಿಪೆಟ್ಟಿಗೆ ಪಕ್ಕಕ್ಕೆ. ಕೊನೆಗೆ ಪ್ರೀತಿಯ ಕೊಂಬಿನ ಕೋಲೂ ಪಕ್ಕಕ್ಕೆ. ಹೆಂಡತಿಗೆ ಬಚ್ಚಲಿಂದ ಚೆಂಡು ತೊಳೆದು ತಂದು ಕೊಡೋದೇ ಕೆಲಸ.

ಹೆಪ್ಪು ಕೇಳೋಕೆ ಅಂತ ನಾನು ಬಾಗಿಲಲ್ಲಿ ನಿಂತಿದ್ದೆ. ಮಗಳ ಕೈಯಿಂದ ಕಾಫಿ ಲೋಟ ಜಾರಿತು. ಆ ಕಾಫಿ ಚೆಂಡು ಹೋದ ದಾರಿಯನ್ನೇ ಹಿಡಿದು, ಅದೇ ಜಾಗದಲ್ಲಿ ಎಡಕ್ಕೆ ತಿರುಗಿ, ದೇವರಮನೆ ಹೊಸ್ತಿಲು ಸವರಿಕೊಂಡು, ಸೀದಾ ಬಚ್ಚಲಿಗೆ ಹೋಯ್ತು. ಎಲ್ಲರೂ ನೋಡಿದೆವು. ಯಜಮಾನರು ಟ್ರಂಕಿಂದ ನೆಲ ಮಟ್ಟ ಇದೆಯಾ ಅಂತ ನೋಡೋ ಹಳೇ ರಸಮಟ್ಟ ತೆಗೆದು ನೆಲದ ಮೇಲಿಟ್ಟರು. ಒಳಗಿನ ಗುಳ್ಳೆ ಒಂದು ಮೂಲೆಗೆ ಹೋಗಿ ಕೂತಿತು. ತೊಳೆದ ನೀರು ಹರಿದುಹೋಗಲಿ ಅಂತ ಇವರಪ್ಪನೇ ನೆಲ ಓರೆ ಮಾಡಿಸಿದ್ದರಂತೆ. ಈ ಮನೆಯಲ್ಲೇ ಹುಟ್ಟಿದ ಮಗನಿಗೆ ಗೊತ್ತಿರಲಿಲ್ಲ.

"ಬಿಡಿ ಸ್ವಾಮಿ," ಅಂದೆ ನಾನು. "ಮಳೆ ಬಂದರೆ ನೀರು ಚರಂಡಿ ಬಿಟ್ಟು ನಮ್ಮ ಬಾಗಿಲಿಗೇ ಯಾಕೆ ಬರತ್ತೆ ಅಂತ ಇವತ್ತು ಗೊತ್ತಾಯ್ತು. ರಸ್ತೆ ಹಾಕಿಸಿದೋರು ನೀವೇ ಅಲ್ವಾ?"

ವಿಚಾರಿಸೋಕೆ ಬಂದಾಕೆ

ಹೆಣ್ಣು ತರೋ ಮುಂಚೆ ಅಕ್ಕಪಕ್ಕದಲ್ಲಿ ವಿಚಾರಿಸೋದು ನಮ್ಮಲ್ಲಿ ಮೊದಲಿಂದಲೂ ಇದ್ದದ್ದೇ. ಜಾತಕ ಸುಳ್ಳು ಹೇಳಬಹುದು, ಪಕ್ಕದ ಮನೆಯವಳು ಹೇಳಲ್ಲ. ಹುಡುಗನ ಸೋದರತ್ತೆ ಅನ್ನೋ ಒಬ್ಬಾಕೆ, ಬಾಯಾರಿಕೆ ಅನ್ನೋ ನೆಪ ಮಾಡ್ಕೊಂಡು ನಮ್ಮ ಜಗಲಿಗೇ ಬಂದು ಕೂತಳು. ನಾನು ನೀರಿನ ಬದಲು ಕಾಫಿನೇ ಕೊಟ್ಟೆ.

"ಹುಡುಗಿ ಹೇಗಮ್ಮ?"

"ಚಿನ್ನ."

"ತಾಯಿ?"

"ಅವಳೂ ಚಿನ್ನವೇ. ಸಂಪಿಗೆ ಹೂವಿನ ವಿಷಯ ಒಂದು ಬಿಟ್ಟರೆ."

"ತಂದೆ?"

ಅಲ್ಲಿ ಸುಮ್ಮನಿದ್ದಿದ್ದರೆ ಆಗ್ತಿತ್ತು. ಬಾಯಿ ಕೇಳಬೇಕಲ್ಲ! "ಒಳ್ಳೇ ಮನುಷ್ಯ. ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಕೊಂಡು ನೆಲ ನೋಡ್ತಾರೆ, ಕೋಲುಗಳ ಜೊತೆ ಮಾತಾಡ್ತಾರೆ, ಅಷ್ಟೇ," ಅಂದೆ.

ಆಕೆಯ ಲೋಟ ಬಾಯಿ ಹತ್ತಿರವೇ ನಿಂತುಬಿಡ್ತು. "ಮಾತಾಡ್ತಾರಾ?"

"ಬೈತಾರೆ ಕೂಡ."

"ಚೆಂಡು ಎಡಕ್ಕೆ ಹೋದರೆ?"

"ಹೂಂ, ಎಡಕ್ಕೆ ಹೋದರೆ ಜಾಸ್ತಿ."

ಅರ್ಧ ಕಾಫಿ ಅಲ್ಲೇ ಇಟ್ಟು ಎದ್ದಳು. ಬೀದಿ ತಿರುವಿನಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಇಟ್ಕೊಂಡು ಫೋನಲ್ಲಿ ಯಾರಿಗೋ ಹೇಳ್ತಿದ್ದದ್ದು ಕಂಡಿತು. ಆ ಹುಡುಗಿ ನನ್ನ ತೊಡೆ ಮೇಲೆ ಬೆಳೆದದ್ದು. ನನ್ನ ನಾಲಿಗೆಯಿಂದ ಸಂಬಂಧ ಮುರಿದುಹೋದರೆ? ಅವಳ ತಾಯಿಗೆ ಯಾವ ಮುಖ ತೋರಿಸಲಿ? ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸ್ತೀನಿ ಅಂತ ಹರಕೆ ಹೊತ್ತೆ. ನಾನು ಆಡಿದ್ದು ಸುಳ್ಳಾಗಿದ್ದರೆ ‘ನಾನು ಹೇಳೇ ಇಲ್ಲ’ ಅಂದುಬಿಡಬಹುದಿತ್ತು. ಎಲ್ಲಾ ನಿಜ, ಅದೇ ಕಷ್ಟ.

ನೋಡೋ ಶಾಸ್ತ್ರ

ಆದರೂ ಅವರು ಬಂದರು. ಕೋಲು, ಚೆಂಡು ಎಲ್ಲ ದಿವಾನದ ಕೆಳಗೆ ಸೇರಿತ್ತು, ಮೇಲೆ ನೆಲಕ್ಕೆ ತಾಗೋ ಹಾಗೆ ಹೊಸ ಹೊದಿಕೆ. "ಊಟ ತಿಂಡಿ ಬಗ್ಗೆ ಮಾತಾಡಿ, ಬೇರೇನೂ ಬೇಡ" ಅಂತ ಯಜಮಾನರಿಗೆ ಕಟ್ಟಪ್ಪಣೆ ಆಗಿತ್ತು. ನನ್ನನ್ನ ಕರೆದಿರಲಿಲ್ಲ. ಹಾಲು ಸಾಲದೇ ಹೋದರೆ ಅಂತ ಒಂದು ಪಾತ್ರೆ ಹಿಡ್ಕೊಂಡು ಹೋಗಿ, ಆ ಸೋದರತ್ತೆ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆ ಪರದೆ ಹಿಂದೆ ನಿಂತೆ.

ಹುಡುಗನ ತಾಯಿ ಬಿಗಿದುಕೊಂಡು ಕೂತಿದ್ದಳು. ಕಣ್ಣು ಮಾತ್ರ ಹುಡುಗಿ ತಂದೆ ಮೇಲೇ. ಹುಡುಗನ ತಂದೆ ಭಾರೀ ಆಳು, ಕೇಸರಿಬಾತಿನ ತಟ್ಟೆ ಹಿಡ್ಕೊಂಡು ದಿವಾನದ ಮೇಲೆ ದೊಪ್ಪಂತ ಕೂತರು. ದಿವಾನ ಕಿರ್ ಅಂತು. ಹೊದಿಕೆ ಕೆಳಗಿಂದ ಒಂದು ಬಿಳಿ ಚೆಂಡು ಹೊರಗೆ ಬಂತು.

ಅವಸರವೇ ಇಲ್ಲ ಅದಕ್ಕೆ. ಹುಡುಗನ ತಾಯಿ ಕಾಲಿನ ಮುಂದೆ ಹಾದು, ಅರ್ಧ ಹಜಾರ ದಾಟಿ, ಎಡಕ್ಕೆ ತಿರುಗಿ, ದೇವರಮನೆ ಹೊಸ್ತಿಲು ಸವರಿಕೊಂಡು ಹೋಗಿ ಬಚ್ಚಲಲ್ಲಿ ‘ತುಪ್’ ಅಂತು.

ಹುಡುಗಿ ತಂದೆ ತಡೆದುಕೊಂಡರು, ತಡೆದುಕೊಂಡರು, ಕೊನೆಗೆ ಅಂದೇಬಿಟ್ಟರು: "ನೆಲ ಓರೆ."

ಹೆಂಡತಿ ಕಣ್ಣು ಮುಚ್ಚಿಕೊಂಡಳು. ನಾನು ಪಾತ್ರೆ ಗಟ್ಟಿ ಹಿಡ್ಕೊಂಡೆ. ಮುಗೀತು ಅಂದುಕೊಂಡೆ.

ಹುಡುಗನ ತಂದೆ ತಟ್ಟೆ ಕೆಳಗಿಟ್ಟರು. ಅಷ್ಟು ದೊಡ್ಡ ಮೈ ಹೊತ್ತು ನೆಲದ ಮೇಲೆ ಮಂಡಿಯೂರಿ, ಕೆನ್ನೆ ಗಾರೆಗೆ ಒತ್ತಿ, ಒಂದು ಕಣ್ಣು ಮುಚ್ಚಿದರು. "ಹೌದು ಸಾರ್, ಎಡಕ್ಕೆ ಇದೆ. ಒಂದು ಗೇಣು ಬಲಕ್ಕೆ ಗುರಿ ಇಟ್ಟರೆ ಸರಿಹೋಗತ್ತೆ. ಪಟರ್ ಯಾವುದಿದೆ ನಿಮ್ಮ ಹತ್ರ?"

"ರೀ!" ಅಂತ ಹಣೆ ಹಣೆ ಚಚ್ಚಿಕೊಂಡಳು ಹುಡುಗನ ತಾಯಿ. "ದೇವರ ಮುಂದೆ ಪ್ರಮಾಣ ಮಾಡಿಸಿ ಕರ್ಕೊಂಡು ಬಂದಿದ್ದೆ ಇವರನ್ನ!" ಆಮೇಲೆ ನಮ್ಮ ಪಕ್ಕದ ಮನೆಯವಳ ಕೈ ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿದಳು: "ಹಿಂದೆ ಹೆಣ್ಣು ನೋಡೋಕೆ ಹೋದಾಗಲೂ ಹೀಗೇ ಆಗಿತ್ತು ಕಣ್ರೀ. ಇವರು ಅವರ ಹಜಾರದಲ್ಲಿ ಒಂದು ಕಣ್ಣು ಮುಚ್ಕೊಂಡು ನಿಂತುಬಿಟ್ರು. ಬುದ್ಧಿ ಸ್ಥಿಮಿತ ಇಲ್ಲದ ವಂಶ ಅಂತ ಅವರು ಬೇಡ ಅಂದ್ರು. ನಮ್ಮ ನಾದಿನಿ ಫೋನ್ ಮಾಡಿ, ‘ಅತ್ತಿಗೆ, ಆ ಮನೇಲೂ ಒಬ್ಬರಿದ್ದಾರೆ’ ಅಂದಾಗ ಹೋದ ಜೀವ ಬಂತು ನೋಡಿ. ನಮ್ಮನ್ನ ನೋಡಿ ನಗದೇ ಇರೋ ಮನೆ ಸಿಕ್ಕರೆ ಸಾಕಾಗಿತ್ತು!"

ನಮ್ಮವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬಂತು. ನಾನು ಚೆಂಡಿನ ಮಾತೇ ಎತ್ತದಿದ್ದರೂ ಆ ಸೋದರತ್ತೆ ‘ಎಡಕ್ಕೆ ಹೋದರೆ’ ಅಂತ ಯಾಕೆ ಕೇಳಿದ್ದು ಅಂತ ನನಗೆ ಆಗ ಹೊಳೀತು. ನಾನು ಪರದೆ ಹಿಂದೆ ಹಾಲಿನ ಪಾತ್ರೆ ಕೆಳಗಿಟ್ಟು, ದೊಡ್ಡ ಗಣಪತಿ ಹತ್ರ ಅಲ್ಲೇ ಚೌಕಾಸಿ ಮಾಡಿ ಬೆಣ್ಣೆ ಅಲಂಕಾರವನ್ನ ತೆಂಗಿನಕಾಯಿಗೆ ಇಳಿಸಿದೆ.

ಹುಡುಗಿ ಕಾಫಿ ತಟ್ಟೆ ಹಿಡಿದು ಬರೋ ಹೊತ್ತಿಗೆ ಅಪ್ಪಂದಿರಿಬ್ಬರೂ ದಿವಾನದ ಕೆಳಗೆ. "ನೋಟ ಪರವಾಗಿಲ್ಲ ಸಾರ್, ಕೈಗೆ ಸ್ವಲ್ಪ ಭಾರ." "ಗೆರೆ ನೋಡಿ ಸಾರ್, ಗೆರೆ."

"ರೀ, ಹುಡುಗಿನ ನೋಡಿ," ಅಂದಳು ಹುಡುಗನ ತಾಯಿ.

"ಒಂದು ನಿಮಿಷ," ಅಂತ ದಿವಾನದ ಕೆಳಗಿಂದ ಧ್ವನಿ ಬಂತು. ಮುಹೂರ್ತದ ಮಾತು ಅಮ್ಮಂದಿರೇ ಅಡುಗೆಮನೆಯಲ್ಲಿ ಮುಗಿಸಿದರು.

ಮಾರನೇ ಬೆಳಿಗ್ಗೆ ಹುಡುಗಿ ತಾಯಿ ನಮ್ಮ ಜಗಲಿಗೆ ಬಂದಳು. ಕೈಯಲ್ಲಿ ಚಿರೋಟಿ ತಟ್ಟೆ, ಮುಖದಲ್ಲಿ ನಗು ಇಲ್ಲ.

"ಅಮ್ಮ, ಆ ಸೋದರತ್ತೆ ಎಲ್ಲ ಹೇಳಿದ್ರು. ಯಾರ ಜಗಲಿ ಮೇಲೆ ಕೂತು ಕೇಳಿದ್ದು ಅಂತಾನೂ ಹೇಳಿದ್ರು."

"ನಾನಾ? ಹುಡುಗಿ ಚಿನ್ನ ಅಂದೆ ಕಣೇ, ಅಷ್ಟೇ ಅಂದದ್ದು..."

ಅವಳು ಚಿರೋಟಿ ತಟ್ಟೆ ನನ್ನ ಮಡಿಲಲ್ಲಿಟ್ಟು, ಮುಖ ನೋಡ್ಕೊಂಡೇ ಹೇಳಿದಳು: "ನಮ್ಮೆಜಮಾನ್ರು ಇಷ್ಟು ಕೋಲು ಪರೀಕ್ಷೆ ಮಾಡಿದ್ರಲ್ಲ, ನಿಮ್ಮ ನಾಲಿಗೆಯಷ್ಟು ಸೊಟ್ಟ ಇರೋದು ಒಂದೂ ಸಿಗಲಿಲ್ಲಮ್ಮ. ಆದ್ರೂ ನೋಡಿ, ಚೆಂಡು ಗುಳಿಗೇ ಬಿತ್ತು."